ನಾನು ಕಡೆದ ಮಜ್ಜಿಗೆ, ಅವರ ಮಣ್ಣು

ನಮ್ಮ ಮನೆಯ ಮೂರು ಗೋಡೆ ನಮ್ಮವು, ನಾಲ್ಕನೆಯದು ಅಜ್ಜನ ಗರಡಿಯದು. ದಾವಣಗೆರೆಯ ಆನೆಕೊಂಡದ ಹಳೇ ಓಣಿಯಲ್ಲಿ ಒಂದು ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಹಿತ್ತಲಲ್ಲಿ ಒಂದು ನಲ್ಲಿ, ಒಂದು ಎಮ್ಮೆ, ಇಷ್ಟು ನಮ್ಮ ಸಾಮ್ರಾಜ್ಯ. ಗೋಡೆಯಾಚೆ ಕೆಂಪು ಮಣ್ಣಿನ ಅಖಾಡ, ಮೂಲೆಯಲ್ಲಿ ಗದೆ, ಹನುಮಂತನ ಫೋಟೊ ಮತ್ತು ಲಂಗೋಟಿ ಕಟ್ಟಿದ ಅರ್ಧ ಊರು. ನಾನು ಮಲಗುತ್ತಿದ್ದದ್ದು ಆ ನಾಲ್ಕನೇ ಗೋಡೆಗೆ ಬೆನ್ನು ಹಚ್ಚಿಕೊಂಡು. ಬೆಳಿಗ್ಗೆ ಆಚೆ ಒಬ್ಬ ಪೈಲ್ವಾನ ಬಿದ್ದರೆ ಈಚೆ ನನ್ನ ಹಾಸಿಗೆ ಒಂದು ಗೇಣು ಮೇಲೆದ್ದು ಮತ್ತೆ ಕೂರುತ್ತಿತ್ತು. ಬೇರೆ ಮನೆಯ ಮಕ್ಕಳು ಅಲಾರಾಂ ಹೊಡೆದರೆ ಏಳುತ್ತಿದ್ದರು, ನಾನು ಗಂಡಸರು ಬಿದ್ದರೆ ಏಳುತ್ತಿದ್ದೆ. ಕಣ್ಣು ಬಿಡದೆಯೇ ಆಚೆ ಏನಾಯಿತೆಂದು ಹೇಳಬಲ್ಲವಳಾಗಿದ್ದೆ: 'ಧಪ್' ಎಂದರೆ ಬೆನ್ನು ಮಣ್ಣಿಗೆ ಹತ್ತಿತು, 'ಧೊಪ್ಪ್' ಎಂದರೆ ಸೊಂಟ, ಬೀಳುವುದಕ್ಕೆ ಮೊದಲೇ 'ಅವ್ವಾ' ಎಂದು ಕೇಳಿದರೆ ಅದು ನನ್ನ ಅಣ್ಣ ಸಂತು.

ಸಂತು ನನಗಿಂತ ಎರಡು ವರ್ಷ ದೊಡ್ಡವನು. ಕುಸ್ತಿ ಕಂಡರೆ ಓಡುವವನು, ಹಾಲು ಕಂಡರೆ ಚಕ್ಕಂಬಕ್ಕಳ ಹಾಕಿ ಕೂರುವವನು. ಪೈಲ್ವಾನನ ಮೊಮ್ಮಗ ಎಂದು ಅವನಿಗೆ ದಿನಾ ಬೆಳಿಗ್ಗೆ ಅವ್ವ ಬಾದಾಮಿ ತೇದು, ಎಮ್ಮೆ ಹಾಲಿಗೆ ಕಲಸಿ, ಹಿತ್ತಾಳೆ ಲೋಟದಲ್ಲಿ ಕೊಡುತ್ತಿದ್ದಳು. ಅವನು ಕುಡಿದ ಬಾದಾಮಿ ಹಾಲು ಹರಿಯಬಿಟ್ಟಿದ್ದರೆ ಭದ್ರಾ ನಾಲೆ ಬೇಸಿಗೆಯಲ್ಲೂ ತುಂಬಿ ಹರಿಯುತ್ತಿತ್ತು. ಅದೇ ಒಲೆಯ ಮುಂದೆ, ಅದೇ ಮಣೆಯ ಮೇಲೆ ಕೂತ ನನಗೆ ಚಾ ಮತ್ತು ನೆನೆದು ಬೀಳುವ ಬಿಸ್ಕತ್ತು. ಲೋಟ ನಡುಮನೆಗೆ ಒಯ್ಯುವ ಕೆಲಸ ನನ್ನದಾಗಿತ್ತಾದ್ದರಿಂದ ದೇವರು ನ್ಯಾಯವಂತ ಎನ್ನಬೇಕು. ಬಾಗಿಲ ಮರೆಯಲ್ಲಿ ಅರ್ಧ ನಾನು ಕುಡಿದು, ಅಷ್ಟಕ್ಕೆ ನೀರು ಬೆರೆಸಿ ಅವನ ಮುಂದಿಡುತ್ತಿದ್ದೆ. ಅಜ್ಜ ಮೊಮ್ಮಗನ ತೋಳು ಹಿಸುಕಿ ನೋಡಿ, 'ಇಷ್ಟು ತಿಂದ್ರೂ ಹಗ್ಗದಂಗೆ ಅದಾನಲ್ಲ' ಎಂದು ಕೊರಗುತ್ತಿದ್ದರು. ತಿಂದದ್ದು ಎಲ್ಲಿಗೆ ಹೋಗುತ್ತಿದೆ ಎಂದು ಅವರು ಒಂದು ಸಲ ನನ್ನ ತೋಳು ಹಿಸುಕಿದ್ದರೂ ಗೊತ್ತಾಗುತ್ತಿತ್ತು. ಹಿಸುಕಲಿಲ್ಲ. ಅದರ ಸಿಟ್ಟು ನನಗೆ ಈಗಲೂ ಇದೆ, ಹಾಲಿನ ಬಗ್ಗೆ ಮಾತ್ರ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ.

ಗರಡಿಯ ಮಣ್ಣು ಸುಮ್ಮನೆ ಮಣ್ಣಲ್ಲ. ಅದಕ್ಕೆ ಎಣ್ಣೆ ಬೇಕು, ಅರಿಶಿನ ಬೇಕು, ಮುಖ್ಯವಾಗಿ ಮಜ್ಜಿಗೆ ಬೇಕು. ಇಲ್ಲದಿದ್ದರೆ ಬಿರುಕು ಬಿಟ್ಟು, ಬಿದ್ದವನ ಚರ್ಮ ಸುಲಿಯುತ್ತದೆ. ಆ ಮಜ್ಜಿಗೆ ನಮ್ಮ ಎಮ್ಮೆಯದೇ ಆಗಬೇಕು, ನಮ್ಮ ಮನೆಯಲ್ಲೇ ಕಡೆದದ್ದಾಗಬೇಕು ಎನ್ನುವುದು ಪದ್ಧತಿ. ಪ್ರತಿ ಶನಿವಾರ ಅವ್ವ ಅರಿಶಿನ ಕುಟ್ಟುತ್ತಿದ್ದಳು, ನಾನು ಕಂಬಕ್ಕೆ ಹಗ್ಗ ಬಿಗಿದು, ಕಡೆಗೋಲು ಎಳೆದೆಳೆದು ಗಡಿಗೆಗಟ್ಟಲೆ ಮಜ್ಜಿಗೆ ಮಾಡುತ್ತಿದ್ದೆ. ಆಮೇಲೆ ಇಬ್ಬರೂ ಹೋಗಿ ಕೊಡವನ್ನು ಗರಡಿಯ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದೆವು. ಹೊಸ್ತಿಲಲ್ಲಿ, ಒಳಗಲ್ಲ. ಒಳಗಿನಿಂದ ಒಂದು ಕೈ ಬಂದು ಕೊಡ ಎಳೆದುಕೊಳ್ಳುತ್ತಿತ್ತು, ನಾವು ಯಾರೋ ಎಂಬಂತೆ.

ಒಂಬತ್ತು ವರ್ಷದವಳಿದ್ದಾಗ ಒಂದು ದಿನ ಒಳಗೆ ಹೋಗಿಬಿಟ್ಟೆ. ಸಂತು ಒಬ್ಬನೇ ಮಣ್ಣಲ್ಲಿ ನಿಂತು ಮೂಗಿನಲ್ಲಿ ಬೆರಳಿಟ್ಟುಕೊಂಡಿದ್ದ. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವನ ಸೊಂಟ ಹಿಡಿದು, ಕಾಲಿಗೆ ಕಾಲು ಹಾಕಿ, ಎತ್ತಿ ಒಗೆದೆ. ಅವನು ಗಾಳಿಯಲ್ಲಿ ಎಷ್ಟು ಹೊತ್ತು ಇದ್ದನೆಂದರೆ ಕೆಳಗೆ ಬರುವಷ್ಟರಲ್ಲಿ ಸಂಕಟಕ್ಕೆ ಎರಡು ಸಲ ಹನುಮಂತನನ್ನು, ಒಂದು ಸಲ ಅವ್ವನನ್ನು ಕರೆದಿದ್ದ. ಧಪ್! ಪೂರ್ತಿ ಬೆನ್ನು. ನಾನು ತೊಡೆ ತಟ್ಟಿಕೊಂಡು ತಿರುಗಿದರೆ ಬಾಗಿಲಲ್ಲಿ ಅಜ್ಜ.

'ಅಜ್ಜ, ಸಂತುನ್ನ ಕೆಡವಿದೆ! ನೋಡಿದ್ರಾ?'

'ಯಾರ್ಲೇ ಇವಳನ್ನ ಒಳಗೆ ಬಿಟ್ಟೋರು?'

'ಬೆನ್ನು ಹತ್ತೈತೆ ನೋಡ್ರಿ, ಪೂರಾ ಬೆನ್ನು!'

'ಹೆಣ್ಣು ಕಾಲಿಟ್ರೆ ಮಣ್ಣು ಕೆಡ್ತೈತೆ. ನಡಿ ಆಚೆ!'

ರಟ್ಟೆ ಹಿಡಿದು, ಬೆಕ್ಕಿನ ಮರಿಯನ್ನು ಎತ್ತುವಂತೆ ಎತ್ತಿ, ಹೊಸ್ತಿಲಾಚೆ ಇಟ್ಟರು. ಬಿದ್ದವನ ಬೆನ್ನು ತಟ್ಟಿದರು. ಕೆಡವಿದವಳ ಕಡೆ ನೋಡಲೂ ಇಲ್ಲ. ಅಷ್ಟಾಗಿದ್ದರೆ ಅತ್ತು ಮರೆಯುತ್ತಿದ್ದೆನೇನೋ. ಆಮೇಲೆ ನಮ್ಮ ಅಡುಗೆಮನೆಯ ಕಿಟಕಿಗೆ ಬಂದು ಅವ್ವನಿಗೆ ಹೇಳಿದರು:

'ಒಂದು ಕೊಡ ಮಜ್ಜಿಗೆ ಕಳಿಸವ್ವ. ಮಣ್ಣು ಶುದ್ಧ ಮಾಡ್ಬೇಕು.'

ಆ ಮಜ್ಜಿಗೆ ಕಡೆದದ್ದು ನಾನು. ನಾನು ತುಳಿದು ಕೆಡಿಸಿದ ಮಣ್ಣನ್ನು ಶುದ್ಧ ಮಾಡಲು ನನ್ನ ಕೈಯಿಂದಲೇ ಮಜ್ಜಿಗೆ! ಕಡೆಗೋಲನ್ನು ಅಂದು ಎಷ್ಟು ಜೋರಾಗಿ ಎಳೆದೆನೆಂದರೆ ಬೆಣ್ಣೆ ಬಂದು, ತುಪ್ಪವಾಗಿ, ಇನ್ನೇನು ಹೊತ್ತಿಕೊಳ್ಳುವುದರಲ್ಲಿತ್ತು. ನನ್ನ ಕಾಲು ಮೈಲಿಗೆ, ಕೈ ಮಡಿ. ಒಂದೇ ಮೈಯಲ್ಲಿ ಈ ಗಡಿ ಎಲ್ಲಿ ಬರುತ್ತದೆ, ಸೊಂಟದ ಹತ್ತಿರವೋ ಮೊಣಕಾಲ ಹತ್ತಿರವೋ ಎಂದು ಅವ್ವನನ್ನು ಕೇಳಿದೆ. 'ಸುಮ್ನೆ ಕಡಿ' ಎಂದಳು. ನನ್ನ ಸಿಟ್ಟು ಹುಟ್ಟಿದ್ದು ಆ ಕಂಬದ ಬುಡದಲ್ಲಿ.

ಮಗಳು ಮನೆಯ ದಿಂಬುಗಳನ್ನೆಲ್ಲ ಗುದ್ದಿ ಹತ್ತಿ ಉದುರಿಸುತ್ತಿದ್ದಾಳೆ ಎಂದು ಅಪ್ಪ ಕರಾಟೆಗೆ ಸೇರಿಸಿದ. ಅಪ್ಪ ಗುತ್ತೂರಿನ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡುತ್ತಾನೆ, ಮನೆಯಲ್ಲಿ ಜಗಳವಾದರೆ ಗೋಡೆ ಕಡೆ ತಿರುಗಿ ನಿದ್ದೆ ಮಾಡುತ್ತಾನೆ. ಕರಾಟೆ ಕ್ಲಾಸು ದೇವರಾಜ ಅರಸು ಬಡಾವಣೆಯಲ್ಲಿ, ಒಂದು ಮನೆಯ ಮಾಳಿಗೆ ಮೇಲೆ. ಬಿಳೀ ಬಟ್ಟೆ ಹಾಕಿಕೊಂಡು ನಾನು ಮೊದಲ ದಿನವೇ ಯಾರನ್ನಾದರೂ ಎರಡು ತುಂಡು ಮಾಡುವ ಸಿದ್ಧತೆಯಲ್ಲಿ ಹೋದೆ. ಹುಡುಗರು ಮುಂದಿನ ಸಾಲಿನಲ್ಲಿ ಜೋಡಿ ಜೋಡಿಯಾಗಿ ಗುದ್ದಾಡುತ್ತಿದ್ದರು. ಹುಡುಗಿಯರಿಗೆ ಹಿಂದಿನ ಸಾಲು, ಬಟ್ಟೆ ಒಣಗುವ ತಂತಿಯ ಕೆಳಗೆ. ಅಲ್ಲಿ ನಮಗೆ ಕಣ್ಣಿಗೆ ಕಾಣದ ಒಬ್ಬ ಗಂಡಸಿಗೆ ಮೊಣಕೈಯಿಂದ ತಿವಿಯುವುದನ್ನು ಹೇಳಿಕೊಟ್ಟರು. ವರ್ಷವಿಡೀ ಅವನೊಬ್ಬನೇ. ಪಾಪ, ಆ ಕಾಣದ ಮನುಷ್ಯ ನನ್ನಿಂದ ತಿಂದ ಏಟಿಗೆ ಯಾವುದೋ ಕಾಣದ ಆಸ್ಪತ್ರೆಯಲ್ಲಿ ಇನ್ನೂ ಮಲಗಿರಬೇಕು.

'ಸರ್, ನಂಗೂ ಜೋಡಿ ಕೊಡ್ರಿ.'

'ನಿಂಗ್ಯಾಕಮ್ಮ? ಯಾರಾದ್ರೂ ಕೈ ಹಿಡಿದ್ರೆ ತಿವಿದು ಓಡ್ಬೇಕು, ಅಷ್ಟೇಯ.'

'ಓಡದಿದ್ರೆ?'

'ಓಡ್ಬೇಕು.'

ಕಲಿತ ವಿದ್ಯೆಯ ಕೊನೆಯ ಪಾಠ ಓಟವಾದರೆ ಓಟದ ಕೋಚಿನ ಹತ್ತಿರ ಹೋಗುತ್ತಿದ್ದೆನಲ್ಲ! ಬಿಟ್ಟೆ. ಆಮೇಲೆ ಶಾಲೆಯಲ್ಲಿ ಟೇಕ್ವಾಂಡೊ. ಒದೆಯುವ ಕಲೆ ಎಂದು ಕೇಳಿ ಬಾಯಲ್ಲಿ ನೀರು ಬಂದಿತ್ತು. ವಾರ್ಷಿಕೋತ್ಸವಕ್ಕೆ ನಾವು ಹೆಂಚು ಒಡೆಯಬೇಕಾಗಿತ್ತು. ಹುಡುಗಿಯರ ಹೆಂಚನ್ನು ಸರ್ ಮೊದಲೇ ಗರಗಸದಿಂದ ಅರ್ಧ ಕೊಯ್ದಿಟ್ಟಿದ್ದರು, ಕೆಮ್ಮಿದರೂ ಒಡೆಯುವಂತೆ. ನನ್ನ ಪಾಳಿ ಬಂದಾಗ ನಾನು ಆ ಹೆಂಚನ್ನು ಪಕ್ಕಕ್ಕಿಟ್ಟು, ಹುಡುಗರ ಗುಂಪಿನಿಂದ ಗಟ್ಟಿ ಹೆಂಚು ತಂದು, ತಾಯಂದಿರು ತಂದೆಯಂದಿರು ಮುಖ್ಯ ಅತಿಥಿಗಳು ಎಲ್ಲರಿಗೂ ತೋರಿಸಿ ಗುದ್ದಿದೆ. ಹೆಂಚು ಒಡೆಯಿತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೈ ಮಾತ್ರ ಊದಿ ಪಪ್ಪಾಯಿಯಾಗಿ, ಪರೀಕ್ಷೆಯನ್ನು ಎಡಗೈಯಲ್ಲಿ ಬರೆದೆ. ಸರ್ ನನ್ನನ್ನು ಹೊರಗೆ ಹಾಕಿದರು, ಶಿಸ್ತಿಲ್ಲವಂತೆ. ಮೋಸದ ಹೆಂಚು ಕೊಯ್ದಿಟ್ಟವರು ಅವರು, ಶಿಸ್ತು ಇಲ್ಲದವಳು ನಾನು.

ಕೊನೆಗೆ ಪಿಬಿ ರಸ್ತೆಯ ಕಡೆ ಒಂದು ಜಿಮ್ಮಿನಲ್ಲಿ ಕಿಕ್ ಬಾಕ್ಸಿಂಗ್ ಎಂಬ ಬೋರ್ಡು ನೋಡಿ ಒಳಗೆ ನುಗ್ಗಿದೆ. ನಾಲ್ಕೂ ಕಡೆ ಕನ್ನಡಿ, ಕಿವಿ ಕಿತ್ತುಹೋಗುವ ಹಾಡು. ಟ್ರೇನರ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

'ಎಷ್ಟು ತೂಕ ಇಳಿಸ್ಬೇಕು ಮೇಡಂ?'

'ಇಳಿಸಾದಲ್ರೀ. ಒಬ್ಬನ್ನ ಎತ್ತಿ ಒಗೀಬೇಕು.'

'ಹಂಗಾ... ಲೇಡೀಸ್ ಬ್ಯಾಚಿನಾಗೆ ಅದಿಲ್ಲ. ಹೊಟ್ಟೆ, ಸೊಂಟ, ಅಷ್ಟೇ.'

ಕನ್ನಡಿಯಲ್ಲಿ ಹದಿನಾರು ನಾನು ಕಾಣುತ್ತಿದ್ದೆವು, ಹದಿನಾರು ಜನವೂ ಹಲ್ಲು ಕಡಿಯುತ್ತಿದ್ದೆವು. ಊರೆಲ್ಲ ಸುತ್ತಿದ ಮೇಲೆ ನನಗೆ ಬೇಕಾದದ್ದು ಏನೆಂಬುದು ಸ್ಪಷ್ಟವಾಗಿತ್ತು. ಗಾಳಿ ಬೇಡ, ಹೆಂಚು ಬೇಡ, ಜಿಮ್ಮಿನ ಗುದ್ದುವ ಚೀಲ ಬೇಡ. ತಿರುಗಿ ಹಿಡಿಯುವ, ತೂಕವಿರುವ, ಬೆವರುವ ಒಂದು ಮನುಷ್ಯಪ್ರಾಣಿ ಬೇಕು. ಅವನು ನನ್ನನ್ನು ಕೆಡವಿದರೂ ಸರಿ. ಅಂಥವರು ಗೋಡೆಯ ಆಚೆಗೇ ಇದ್ದರು. ಅಂದು ಊಟದ ಹೊತ್ತಿಗೆ, ಅಜ್ಜ ರೊಟ್ಟಿ ಮುರಿಯುತ್ತಿದ್ದಾಗ, ನೇರವಾಗಿ ಕೇಳಿದೆ.

'ಅಜ್ಜ, ನಂಗೆ ಕುಸ್ತಿ ಕಲಿಸ್ರಿ.'

'ಕರಾಟೆ ಗಿರಾಟೆ ಎಲ್ಲಾ ಆತಲ್ಲ. ಸಾಕು.'

'ಅದು ಗಾಳಿಗೆ ಹೊಡಿಯಾದು. ನಂಗೆ ಗರಡಿ ಬೇಕು.'

'ಗರಡಿಗೆ ಹೆಣ್ಣು ಬರಂಗಿಲ್ಲ. ನಮ್ಮಪ್ಪನ ಕಾಲದಿಂದ್ಲೂ ಇಲ್ಲ.'

'ಎಮ್ಮೆ ಹೆಣ್ಣಲ್ಲೇನು? ಅದರ ಮಜ್ಜಿಗೆ ಹೆಂಗೆ ಬರ್ತೈತೆ?'

ಅಪ್ಪನಿಗೆ ರೊಟ್ಟಿ ನೆತ್ತಿಗೇರಿತು. ಅವ್ವ ಒಲೆಯ ಕಡೆ ತಿರುಗಿದಳು, ಬೆನ್ನು ಅಲುಗಾಡುತ್ತಿತ್ತು. ಅಜ್ಜ ತಟ್ಟೆ ಬಿಟ್ಟು ಎದ್ದು ಹೋದರು. ನಾನು ಕಂಬದಿಂದ ಕಡೆಗೋಲು ಬಿಚ್ಚಿ ಅಟ್ಟದ ಮೇಲೆ ಎಸೆದೆ. ಇನ್ನು ಈ ಮನೆಯಿಂದ ಆ ಮಣ್ಣಿಗೆ ಒಂದು ತೊಟ್ಟು ಮಜ್ಜಿಗೆ ಹೋಗುವುದಿಲ್ಲ ಎಂದು ಘೋಷಿಸಿದೆ. ಅವ್ವ ಬೈಯುತ್ತಾಳೆಂದುಕೊಂಡರೆ, 'ನಂಗೂ ಮೊಣಕೈ ಹಿಡ್ಕಂಡೈತೆ' ಎಂದು ಗಡಿಗೆಯ ಮೊಸರನ್ನೆಲ್ಲ ಮಜ್ಜಿಗೆಹುಳಿಗೆ ಸುರಿದಳು. ಆ ವಾರ ನಮ್ಮ ಮನೆಯಲ್ಲಿ ಮಜ್ಜಿಗೆಹುಳಿಯೇ ತಿಂಡಿ, ಮಜ್ಜಿಗೆಹುಳಿಯೇ ಊಟ.

ಮಜ್ಜಿಗೆಯಿಲ್ಲದ ಮಣ್ಣು ದಾವಣಗೆರೆಯ ಬಿಸಿಲಿಗೆ ಹಪ್ಪಳವಾಯಿತು. ಅಜ್ಜ ಬಾಯಿ ಬಿಟ್ಟು ನಮ್ಮನ್ನು ಕೇಳುವವರಲ್ಲ. ಸಂತುವಿನ ಕೈಗೆ ದೊಡ್ಡ ಚೀಲ ಕೊಟ್ಟು 'ಅಂಗಡಿಯಿಂದ ಮಜ್ಜಿಗೆ ತಗಂಡು ಬಾರಲೇ' ಎಂದರು. ಯಾವ ಮಜ್ಜಿಗೆ ಎಂದು ಅವರು ಹೇಳಲಿಲ್ಲ, ಯಾಕೆಂದರೆ ಅವರ ಲೋಕದಲ್ಲಿ ಇದ್ದದ್ದು ಒಂದೇ ಮಜ್ಜಿಗೆ. ಸಂತುವಿನ ಲೋಕದಲ್ಲಿಯೂ ಒಂದೇ: ಫ್ರಿಜ್ಜಿನಿಂದ ತೆಗೆದು ಹಲ್ಲಿನಿಂದ ಹರಿದು ಕುಡಿಯುವ ಮಸಾಲೆ ಮಜ್ಜಿಗೆಯ ಪ್ಯಾಕೆಟ್ಟು. ಹಸಿಮೆಣಸಿನಕಾಯಿ, ಶುಂಠಿ, ಉಪ್ಪು, ಕರಿಬೇವು, ಕೊತ್ತಂಬರಿ ಎಲ್ಲವೂ ಇದ್ದದ್ದು. ಚೀಲ ತುಂಬಾ ತಂದ, ದಾರಿಯಲ್ಲಿ ನಾಲ್ಕು ತಾನು ಕುಡಿದ, ಉಳಿದದ್ದನ್ನೆಲ್ಲ ಅಖಾಡಕ್ಕೆ ಸುರಿದ. ಅಜ್ಜನ ಮೂಗು ಎಂದೋ ನಶ್ಯಕ್ಕೆ ಶರಣಾಗಿದ್ದರಿಂದ ಅವರಿಗೆ ವಾಸನೆ ಬರಲಿಲ್ಲ. ತಾವೇ ಕೈಯಾರೆ ಮಣ್ಣು ಕಲಸಿದರು, ಮರುದಿನ ಬೆಳಿಗ್ಗೆ ಅದನ್ನೇ ಒಂದು ಹಿಡಿ ಎತ್ತಿ ಭಕ್ತಿಯಿಂದ ಹಣೆಗೂ ಕಣ್ಣಿಗೂ ಒತ್ತಿಕೊಂಡರು.

ಗೋಡೆಯಾಚೆ ಧಪ್ ಧೊಪ್ಪ್ ಮಾಮೂಲಿನಂತೆ ಶುರುವಾಗಿ, ಇದ್ದಕ್ಕಿದ್ದಂತೆ ನಿಂತಿತು. ಆಮೇಲೆ ಕೇಳಿದ ಸದ್ದು ನನ್ನ ಜ್ಞಾನಭಂಡಾರದಲ್ಲಿ ಇರಲಿಲ್ಲ. ಬೆನ್ನು ತರಚಿದವರ ಗಾಯಕ್ಕೆ ಉಪ್ಪು, ಕಣ್ಣಿಗೆ ಮೆಣಸಿನಕಾಯಿ, ಲಂಗೋಟಿಯೊಳಗೆ ಶುಂಠಿ. ಊರಿನ ಅಷ್ಟೂ ಪೈಲ್ವಾನರು ಒಬ್ಬರ ಮೇಲೊಬ್ಬರು ಬೀಳುತ್ತ, ಬೆನ್ನಿಗೆ ಕರಿಬೇವು ಅಂಟಿಸಿಕೊಂಡು, ಒಗ್ಗರಣೆ ಹಾಕಿದ ಮುದ್ದೆಗಳ ಹಾಗೆ ನಮ್ಮ ಹಿತ್ತಲ ಕಡೆ ಓಡಿಬಂದರು. ನೀರಿದ್ದದ್ದು ನಮ್ಮ ನಲ್ಲಿಯಲ್ಲಿ ಮಾತ್ರ. ನಾನು ನಲ್ಲಿಯ ಪೈಪು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿಗೆ ಅಡ್ಡ ನಿಂತೆ.

'ಹೊಸ್ತಿಲು ದಾಟ್ಬ್ಯಾಡ್ರಿ! ಗಂಡಸರು ಕಾಲಿಟ್ರೆ ನಮ್ಮ ನೀರು ಕೆಡ್ತೈತೆ.'

'ಏ ತಂಗಿ, ಕಣ್ಣು ಹೋತೇ! ಬಿಡೇ!'

'ಅಜ್ಜನ್ನ ಕೇಳ್ರಿ. ಅವರು ಬಿಡಂದ್ರೆ ಬಿಡ್ತೀನಿ.'

ಅಜ್ಜ ಎಲ್ಲರ ಹಿಂದೆ ನಿಂತಿದ್ದರು. ಎರಡೂ ಕಣ್ಣು ಮುಚ್ಚಿದ್ದವು, ಕೆಂಡದಂಥ ಮುಖದ ಮೇಲೆ ಕಣ್ಣೀರು ಸುರಿಯುತ್ತಿತ್ತು. ನಾನು ನಗಬೇಕೆಂದುಕೊಂಡಿದ್ದೆ, ನಗು ಬರಲಿಲ್ಲ.

'ನೀರು ಬಿಡೇ, ರೂಪಾ.'

'ಗರಡಿ ಒಳಗೆ ಬರ್ಲಾ? ಒಂದೇ ಒಂದು ಮಾತು ಹೇಳ್ರಿ.'

'ಇಲ್ಲ.'

ಕಣ್ಣು ಉರಿದು ಕರಗುತ್ತಿದ್ದರೂ 'ಇಲ್ಲ'! ಆ ಹಟ ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು, ಏಕೆಂದರೆ ಅದು ನನ್ನದೇ ಹಟ, ನನಗಿಂತ ಹಳೆಯದು. ನಾವು ಹಾಗೇ ನಿಂತುಬಿಡುತ್ತಿದ್ದೆವೇನೋ, ಅಷ್ಟರಲ್ಲಿ ಅವ್ವ ಕೊಡ ತುಂಬಿಕೊಂಡು ಬಂದು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು. ಒಂದು ವರ್ಷ ಕರಾಟೆ ಕಲಿತ ನಾನು ಹೋಗಿ ಸಗಣಿಯ ಬುಟ್ಟಿಯಲ್ಲಿ ಕೂತೆ.

'ಉರಿಯೋ ಕಣ್ಣಿಗೆ ನೀರು ಹಾಕಾಕೆ ಚೌಕಾಸಿ ಮಾಡ್ತಾರೇನೇ?'

ಮಾವನ ತಲೆ ಬಗ್ಗಿಸಿ, ಕೊಡದ ನೀರು ಪೂರ್ತಿ ಕಣ್ಣಿಗೆ ಹೊಯ್ದಳು. ಇನ್ನೊಂದು ಕೊಡ ತಂದಳು. ನನ್ನ ಗೆಲುವನ್ನು ನನ್ನ ಕೈಯಿಂದಲೇ ಕಿತ್ತುಕೊಂಡಳಲ್ಲ ಎಂದು ನಾನು ಸಗಣಿಯಲ್ಲೇ ಕೂತು ಕುದಿಯುತ್ತಿದ್ದೆ. ಅಜ್ಜ ಕಣ್ಣು ಬಿಟ್ಟು, ಒಂದು ಸಲ ಉಸಿರು ಬಿಟ್ಟಾಗ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ದನಿ ಏರಿಸದೆ ಹೇಳಿದಳು:

'ಮಾವ, ಇನ್ಮೇಲೆ ಆ ಮಣ್ಣಿಗೆ ಬೇಕಾದ ಮಜ್ಜಿಗೆನ ಆ ಮಣ್ಣಾಗೆ ಬೀಳೋರೇ ಕಡ್ಕಳ್ಳಿ. ನಾನೂ ಕಡಿಯಂಗಿಲ್ಲ, ನನ್ ಮಗಳೂ ಕಡಿಯಂಗಿಲ್ಲ.'

ಕಣ್ಣು ಉಜ್ಜುತ್ತಿದ್ದ ಪೈಲ್ವಾನರೆಲ್ಲ ನಮ್ಮ ಎಮ್ಮೆಯ ಕಡೆ ನೋಡತೊಡಗಿದರು.

ಮರುದಿನ ಅಪ್ಪ ಪಾಳಿಗೆ ಹೊರಡುವಾಗ ಬೈಕು ಹತ್ತಿ, ಹಿಂದಿನ ಸೀಟು ತಟ್ಟಿದ. ಎಲ್ಲಿಗೆ ಎಂದು ಕೇಳಿದೆ. 'ಅವತ್ತು ಅಜ್ಜಂಗೆ ಎಮ್ಮೆ ಮಾತು ಚೆನ್ನಾಗಿ ಕೇಳ್ದೆ ನೋಡು. ನಿನ್ನೆ ಹಿತ್ತಲ ಜಗಳಾನೂ ಮಲಗಿದ್ದಲ್ಲೇ ಕೇಳಿಸ್ಕಂಡೆ' ಎಂದ, ಅಷ್ಟೆ. ಅಪ್ಪ ನಿದ್ದೆ ಮಾಡುವವನಂತೆ ನಟಿಸುತ್ತಿದ್ದ ಎಂಬುದು ಆಗ ಗೊತ್ತಾಯಿತು. ಅದಕ್ಕೂ ಸಿಟ್ಟು ಬಂತು. ಇಷ್ಟು ವರ್ಷ ಕೇಳಿಸಿಕೊಂಡು ಸುಮ್ಮನಿದ್ದನಲ್ಲ! ಹರಿಹರದ ಒಂದು ಹಳೇ ಗೋಡೌನಿನ ಮುಂದೆ ಇಳಿಸಿ, ಸೈರನ್ ಹೊಡೆಯುವ ಮೊದಲು ತಲುಪಬೇಕೆಂದು ಗುತ್ತೂರಿನ ಕಡೆ ಹೊರಟುಹೋದ. ಒಳಗೆ ನೀಲಿ ಮ್ಯಾಟು, ತಗಡಿನ ಮಾಡು, ಟ್ರ್ಯಾಕ್ ಪ್ಯಾಂಟು ಹಾಕಿದ ಕುಸ್ತಿ ಕೋಚ್ ಗಿರಿಜಾ ಮೇಡಂ. ನಾನು ಬಂದ ಕಾರಣವನ್ನು ವೀರಾವೇಶದಿಂದ ಹೇಳತೊಡಗಿದೆ. ಮೇಡಂ ಕೇಳುತ್ತಲೇ ಒಂದು ಉದ್ದನೆ ಕೋಲಿನ ಒರೆಸುವ ಬಟ್ಟೆ ನನ್ನ ಕೈಗೆ ಕೊಟ್ಟರು.

'ಮ್ಯಾಟ್ ಒರೆಸು.'

'ನಾನು ಒರೆಸಾಕೆ ಬಂದಿಲ್ಲ ಮೇಡಂ. ಕುಸ್ತಿ ಮಾಡಾಕೆ ಬಂದೀನಿ.'

'ಬಿದ್ದಾಗ ಮೂಗು ಎಲ್ಲಿಡ್ತೀಯ? ಒರೆಸು.'

ಇಲ್ಲಿಯೂ ಕೊಡ ಹೊರುವ ಕೆಲಸವೇ! ಕೋಲು ಮುರಿದು ಹೊರಡಬೇಕೆಂದು ತಿರುಗಿದರೆ, ಮ್ಯಾಟಿನ ಆ ತುದಿಯಿಂದ ನನ್ನ ಸೊಂಟದಷ್ಟು ದಪ್ಪ ತೋಳಿನ ಹುಡುಗನೊಬ್ಬ ಬಗ್ಗಿ ಒರೆಸುತ್ತ ಬರುತ್ತಿದ್ದ. ಅವನ ಪಕ್ಕ ಇನ್ನೊಬ್ಬ. 'ಆ ಮೂಲೆ ನಿಂದು ಅಕ್ಕಾ, ಬೇಗ' ಎಂದ ಮೊದಲಿನವನು. ನಾನು ಒರೆಸಿದೆ. ಆ ಮೂಲೆ ಹರಿಹರ ತಾಲ್ಲೂಕಿನಲ್ಲೇ ಅತ್ಯಂತ ಸ್ವಚ್ಛವಾದ ಮೂಲೆಯಾಗಿತ್ತು. ನಂತರ ಜೋಡಿ ಕೊಟ್ಟರು: ವೆಲ್ಡಿಂಗ್ ಅಂಗಡಿಯವರ ಮಗಳು ಶಾಹಿನ್.

'ಪೈಲ್ವಾನ್ ಮನೆಯೋಳಂತೆ? ಬಾರೇ, ದಮ್ ಐತೇನು ನೋಡಣ.'

ಗರಡಿಯಲ್ಲಿ ಕುಸ್ತಿಗೆ ಮೊದಲು ಬಗ್ಗಿ ಹಿಡಿ ಮಣ್ಣು ತೆಗೆದು ಎದುರಾಳಿಯ ಮೈಗೆ ಹಚ್ಚುತ್ತಾರೆ. ನಾನು ಗತ್ತಿನಿಂದ ಬಗ್ಗಿ ನೀಲಿ ಮ್ಯಾಟನ್ನು ಕೆರೆದೆ, ಮಣ್ಣು ಹುಡುಕುತ್ತ. ಶಾಹಿನ್ ಕಾಯಲಿಲ್ಲ. ತಗಡಿನ ಮಾಡು ಕೆಳಗೆ ಬಂತು, ಮ್ಯಾಟು ಮೇಲೆ ಹೋಯಿತು, ಮತ್ತೆ ಎರಡೂ ತಮ್ಮ ತಮ್ಮ ಜಾಗಕ್ಕೆ ಬಂದವು. ಧಪ್! ಪೂರ್ತಿ ಬೆನ್ನು. ಬಾಲ್ಯವಿಡೀ ಗೋಡೆಯಾಚೆಯಿಂದ ಕೇಳಿದ ಸದ್ದು ಮೊದಲ ಸಲ ನನ್ನದಾಗಿತ್ತು. ಮಲಗಿದಲ್ಲೇ ನಕ್ಕೆ.

'ತಲೆಗೆ ಪೆಟ್ಟಾತೇನೇ ಇವಳಿಗೆ?' ಎಂದಳು ಶಾಹಿನ್.

'ಇನ್ನೊಂದ್ಸಲ ಹಾಕು' ಎಂದೆ.

ಅವಳು ಹಾಕಿದಳು, ಹಾಕುತ್ತಲೇ ಹೋದಳು, ಮಳೆಗಾಲ ಬರುವ ಹೊತ್ತಿಗೆ ನಾನೂ ಹಾಕತೊಡಗಿದೆ. ಅವಳ ತಲೆ ಮತ್ತು ಮ್ಯಾಟಿನ ನಡುವೆ ಸಿಕ್ಕಿ ಸಿಕ್ಕಿ ನನ್ನ ಎಡಗಿವಿ ಒಂದು ದಿನ ಬೋಂಡಾದಂತೆ ಊದಿತು. ಕುಸ್ತಿಯವರಿಗೆ ಆ ಕಿವಿ ಅಂದರೆ ಪದಕಕ್ಕಿಂತ ಹೆಚ್ಚು. ಅಜ್ಜನಿಗೆ ಎರಡೂ ಕಿವಿ ಮುದುಡಿವೆ. ಸಂತುವಿನ ಕಿವಿಗಳು ಇನ್ನೂ ಅಂಗಡಿಯಿಂದ ತಂದಂತಿವೆ. ನಡುಮನೆಯಲ್ಲಿ ಕೂದಲು ಬಾಚಿಕೊಳ್ಳುತ್ತಿದ್ದಾಗ ಅಜ್ಜ ನೋಡಿಬಿಟ್ಟರು. ನೇರ ಅಡುಗೆಮನೆಗೆ ಹೋಗಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ತಂದರು. ಆ ಅಡುಗೆಮನೆಯಲ್ಲಿ ಅವರು ಒಲೆ ಹಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದುರು ಕೂತು, ನನ್ನ ತಲೆ ಓರೆ ಮಾಡಿ, ಬಿಸಿ ಗಂಟಿನಿಂದ ಒತ್ತತೊಡಗಿದರು. ಕಂಬದ ಹತ್ತಿರ ಸಂತು ಕಡೆಗೋಲು ಎಳೆಯುತ್ತಿದ್ದ. ಶನಿವಾರಗಳು ಈಗ ಅವನವು. ಅವನು ಕಡೆದರೆ ಅರ್ಧ ಮಜ್ಜಿಗೆ ನೆಲಕ್ಕೆ, ಕಾಲುಭಾಗ ಅವನ ಮುಖಕ್ಕೆ, ಬೆಣ್ಣೆ ಎಲ್ಲಿಗೂ ಇಲ್ಲ.

'ಯಾವ ಪಟ್ಟು ಹಾಕ್ದಾಗ ಆತು?' ಅಜ್ಜ ಮೆಲ್ಲಗೆ ಕೇಳಿದರು.

'ಒಳಗೆ ತಲೆ ತೂರ್ಸಿ ಕಾಲು ಎಳಿಯಾದು.'

'ಬಿದ್ಲಾ ಅವಳು?'

'ಬಿದ್ಲು. ಪೂರಾ ಬೆನ್ನು.'

ಒಂಬತ್ತು ವರ್ಷದವಳು 'ನೋಡಿದ್ರಾ?' ಎಂದು ಕೇಳಿದ ಪ್ರಶ್ನೆಗೆ ಈಗ ಉತ್ತರ ಬರುತ್ತಿತ್ತು. ಅಜ್ಜ ಹೆಬ್ಬೆರಳಿನಿಂದ ಕಿವಿಯ ಅಂಚು ಸವರಿ ನೋಡಿದರು.

'ಪೈಲ್ವಾನರ ಕಿವಿ ಇದು.' ಕಂಬದ ಕಡೆ ನೋಡಿ, 'ಇವನು ಕಡಿಯೋ ಮಜ್ಜಿಗೆಗೆ ಮಣ್ಣು ಮೆತ್ತಗಾಗ್ತಿಲ್ಲ ಕಣೇ. ನೀನೊಂದು ಸಲ...'

'ಕಡೀತೀನಿ ಅಜ್ಜ. ನಾನೇ ಕಡ್ದು, ನಾನೇ ಹೊತ್ಕಂಡು ಬಂದು, ನಾನೇ ಮಣ್ಣಿಗೆ ಸುರೀತೀನಿ. ಒಳಗೆ ಬಂದು.'

ಅಜ್ಜನ ಕೈ ನಿಂತಿತು. ಉಪ್ಪಿನ ಗಂಟು ಕಿವಿಯ ಮೇಲೆಯೇ ತಣ್ಣಗಾಗುತ್ತ ಬಂತು. ಆಮೇಲೆ ಅವರು ಎದ್ದು, ಗಂಟನ್ನು ಮತ್ತೆ ಬಿಸಿ ಮಾಡಲು ಒಲೆಯ ಕಡೆ ಹೋದರು, ಈ ಸಲ 'ಇಲ್ಲ' ಮಾತ್ರ ಎನ್ನಲಿಲ್ಲ.

'ಹೂಂ' ಎನ್ನುವವರೆಗೆ ಕಡೆಗೋಲು ಮುಟ್ಟುವುದಿಲ್ಲ ಎಂದುಕೊಂಡು ನಾನು ಕಂಬದ ಕಡೆ ತಿರುಗಿದೆ.

'ಸಂತು, ಜೋರಾಗಿ ಎಳಿಯಲೇ. ಹಿಂಗೆ ಎಳದ್ರೆ ಬರೋ ಶನಿವಾರಕ್ಕೂ ಬೆಣ್ಣೆ ಬರಂಗಿಲ್ಲ.'